ಅಮ್ಮ ಅಂದುಕೊಂಡಷ್ಟು ಪೋಲಿ ಅಲ್ಲ ಪೂಲ್

ಪೂಲ್ ಆಡಿ ಬಂದೆ ಅಂತ ಫೋನಿನಲ್ಲಿ ಹೇಳಿದರೆ ಸಾಕು, ಊರಲ್ಲಿರುವ ಅಮ್ಮನದು ಒಂದೇ ಪ್ರಶ್ನೆ: ‘ಅದು ಜೂಜಾಡೋ ಜಾಗ ಅಲ್ವೇನೋ?’ ಅಮ್ಮನ ಅನುಮಾನಕ್ಕೆ ಇತಿಹಾಸದ ಬೆಂಬಲವೂ ಇದೆ ಅನ್ನಿ. ‘ಪೂಲ್’ ಅಂದರೆ ಎಲ್ಲರೂ ಸೇರಿ ಹಾಕಿದ ಪಣದ ಹಣ. 19ನೇ ಶತಮಾನದ ಅಮೆರಿಕದಲ್ಲಿ ಕುದುರೆ ರೇಸಿಗೆ ಬಾಜಿ ಕಟ್ಟುವ ಕೋಣೆಗಳನ್ನು ಪೂಲ್‌ರೂಮ್ ಎನ್ನುತ್ತಿದ್ದರು. ಒಂದು ರೇಸ್ ಮುಗಿದು ಇನ್ನೊಂದು ಶುರುವಾಗುವವರೆಗೆ ಗಿರಾಕಿಗಳ ಹೊತ್ತು ಹೋಗಲಿ ಎಂದು ಅಲ್ಲಿ ಬಿಲಿಯರ್ಡ್ಸ್ ಮೇಜು ಹಾಕಿದರು. ಬಾಜಿಯ ಹೆಸರು ಆಟಕ್ಕೇ ಅಂಟಿಕೊಂಡಿತು.

ಆಟ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು. ಯುರೋಪಿನಲ್ಲಿ ಹುಲ್ಲಿನ ಮೇಲೆ ಚೆಂಡು ತಳ್ಳಿ ಆಡುತ್ತಿದ್ದ ಆಟ 15ನೇ ಶತಮಾನದಲ್ಲಿ ಮನೆಯೊಳಗಿನ ಮೇಜಿಗೆ ಬಂತು. ಮೇಜಿನ ಹಸಿರು ಬಟ್ಟೆ ಆ ಹುಲ್ಲಿನ ನೆನಪು. ಮೊದಲು ದಪ್ಪ ತಲೆಯ ಕೋಲಿನಿಂದ ತಳ್ಳುತ್ತಿದ್ದರು. ಚೆಂಡು ಅಂಚಿಗೆ ಅಂಟಿಕೊಂಡರೆ ಕೋಲನ್ನು ತಿರುಗಿಸಿ ಹಿಂತುದಿಯಿಂದ ಹೊಡೆಯುವುದು ರೂಢಿಯಾಯಿತು. ಫ್ರೆಂಚ್‌ನಲ್ಲಿ ಬಾಲಕ್ಕೆ ‘ಕ್ಯೂ’ ಎನ್ನುತ್ತಾರೆ, ಇಂದಿನ ಕೋಲಿನ ಹೆಸರೂ ಅದೇ.

ಹೊಸಬರಿಗೆ ಎಲ್ಲವೂ ಒಂದೇ ಆಟದಂತೆ ಕಾಣುತ್ತದೆ. ಚೆಂಡು ಎಣಿಸಿ, ಗೊತ್ತಾಗುತ್ತದೆ. ಮೂರಿದ್ದರೆ ಬಿಲಿಯರ್ಡ್ಸ್, ಬಿಳಿಯದೂ ಸೇರಿ 16 ಇದ್ದರೆ ಏಟ್ ಬಾಲ್ ಪೂಲ್, 22 ಇದ್ದರೆ ಸ್ನೂಕರ್. ಕ್ಯಾರಮ್ ಬಿಲಿಯರ್ಡ್ಸ್ ಅಂತಲೂ ಒಂದಿದೆ. ಹೆಸರು ಕೇಳಿ ನಮ್ಮ ಕೇರಂ ನೆನಪಾದೀತು, ಆದರೆ ಅದರ ಮೇಜಿಗೆ ಪಾಕೆಟ್ಟೇ ಇಲ್ಲ!

ಸ್ನೂಕರ್ ಹುಟ್ಟಿದ್ದು ಭಾರತದಲ್ಲಿ. 1875ರಲ್ಲಿ ಜಬಲ್ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ನೆವಿಲ್ ಚೇಂಬರ್ಲೇನ್ (ಮುಂದೆ ಪ್ರಧಾನಿಯಾದವರು ಬೇರೆ) ಮಳೆಗಾಲದ ಬೇಸರ ಕಳೆಯಲು ಇದನ್ನು ರೂಪಿಸಿದರಂತೆ. ‘ಸ್ನೂಕರ್’ ಅಂದರೆ ಸೇನಾ ಅಕಾಡೆಮಿಯ ಫಸ್ಟ್ ಇಯರ್ ಹುಡುಗ, ಏನೂ ಬಾರದವ. ಆಟದ ನಿಯಮಗಳು ಗಟ್ಟಿಯಾದದ್ದು 1882ರಲ್ಲಿ, ನಮ್ಮ ಬಂಡೀಪುರ ದಾಟಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ.

ಎಂಜಿನಿಯರಿಂಗ್ ಓದುವವನಾಗಿ ನನಗೆ ಹೆಚ್ಚು ಇಷ್ಟವಾಗುವುದು ಈ ಮೇಜಿನೊಳಗಿರುವ ವಿದ್ಯೆ. ಬಟ್ಟೆಯ ಕೆಳಗಿರುವುದು ಮರವಲ್ಲ, ಸ್ಲೇಟು ಕಲ್ಲು. ಮರ ತೇವಕ್ಕೆ ಬಾಗುತ್ತದೆ, ಕಲ್ಲು ಬಾಗುವುದಿಲ್ಲ. ಅಂಚಿನ ರಬ್ಬರ್ 19ನೇ ಶತಮಾನದ್ದು. ಚೆಂಡನ್ನು ಆನೆದಂತದಿಂದ ಮಾಡುತ್ತಿದ್ದರು. ದಂತ ದುಬಾರಿಯಾದಾಗ, 1860ರ ದಶಕದಲ್ಲಿ ಅಮೆರಿಕದ ಕಂಪನಿಯೊಂದು ಬದಲಿ ವಸ್ತುವಿಗೆ 10 ಸಾವಿರ ಡಾಲರ್ ಬಹುಮಾನ ಘೋಷಿಸಿತು. ಆ ಹುಡುಕಾಟದಲ್ಲಿ ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್ ತಯಾರಿಸಿದರು. ನಾವಿವತ್ತು ಬೈಯುವ ಪ್ಲಾಸ್ಟಿಕ್ಕಿನ ಚರಿತ್ರೆಯಲ್ಲಿ ಈ ಆಟದ್ದೂ ಪಾಲಿದೆ.

ನಮ್ಮ ಮೆಷಿನ್ಸ್ ಪೇಪರಿನಲ್ಲಿ ಕಾಡುವ ಕೋರಿಯಾಲಿಸ್ 1835ರಲ್ಲಿ ಬಿಲಿಯರ್ಡ್ಸ್ ಗಣಿತದ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಚೆಂಡಿನ ನಟ್ಟನಡುವೆ ಹೊಡೆದರೆ ಅದು ಮೊದಲು ಜಾರುತ್ತದೆ, ಆಮೇಲಷ್ಟೇ ಉರುಳುತ್ತದೆ. ಕೇಂದ್ರದಿಂದ ತ್ರಿಜ್ಯದ ಐದನೇ ಎರಡು ಭಾಗದಷ್ಟು ಮೇಲಕ್ಕೆ ಹೊಡೆದರೆ ಜಾರದೆ ನೇರ ಉರುಳುತ್ತದೆ. ಲೆಕ್ಕ ಬಿಡಿಸಿ ನೋಡಿ, ಮೊಮೆಂಟ್ ಆಫ್ ಇನರ್ಷಿಯಾ ಯಾಕೆ ಓದಿದೆವು ಅಂತ ತಿಳಿಯುತ್ತದೆ.

1958ರಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದಿದ್ದಾರೆ. ಅವರಿಗೆ ಒಎನ್‌ಜಿಸಿಯಲ್ಲಿ ಉದ್ಯೋಗ ಸಿಕ್ಕಿದ್ದೂ ಆಟದಿಂದಲೇ ಎಂದಾಗ ಅಮ್ಮ ಸ್ವಲ್ಪ ಮೆತ್ತಗಾದರು. ಕರ್ನಾಟಕದ ಚಿತ್ರಾ ಮಗಿಮೈರಾಜ್, ವಿದ್ಯಾ ಪಿಳ್ಳೈ ಅಂತರರಾಷ್ಟ್ರೀಯ ಮಟ್ಟದಲ್ಲಿ ಆಡಿದವರು. ಹೀಗಿದ್ದರೂ ನಮ್ಮ ಕ್ಲಾಸಿನ ಹುಡುಗಿಯರು ಪಾರ್ಲರಿನ ಮೆಟ್ಟಿಲು ಇಳಿಯುವುದಿಲ್ಲ. ಇಳಿದರೆ ಬೇಸ್‌ಮೆಂಟು, ಸಿಗರೇಟು ಹೊಗೆ, ನೆಟ್ಟ ನೋಟ. ಮೇಲೆ ಗಂಟೆಗಿಷ್ಟು ಎಂಬ ಬಾಡಿಗೆ, ಮೆಸ್ ದುಡ್ಡಿನಲ್ಲಿ ಆಡುವವರಿಗೆ ಅದೂ ಭಾರವೇ. ಕಾಲೇಜಿನ ಕ್ರೀಡಾ ಕೊಠಡಿಗೆ ಒಂದು ಸೆಕೆಂಡ್ ಹ್ಯಾಂಡ್ ಮೇಜು ಕೊಡಿಸಿ ಎಂದು ಕಳೆದ ವರ್ಷ ಕೇಳಿದ್ದೆವು. ‘ಹುಡುಗರು ಹಾಳಾಗ್ತಾರೆ’ ಎಂದರು. ಈ ಸೆಮಿಸ್ಟರ್ ಮತ್ತೆ ಅರ್ಜಿ ಕೊಡುತ್ತಿದ್ದೇವೆ. ಈ ಸಲ ಹುಡುಗಿಯರ ಸಹಿಯೂ ಇದೆ.