ರೂಪವೂ ಕೆಲಸವೂ: ಹಳೆಯ ಯಂತ್ರಗಳು, ಹೊಸ ರೆಟ್ರೊ

ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳಕ್ಕೆ ಬರುವ ಯಾತ್ರಿಕರು ಮಂಜುನಾಥಸ್ವಾಮಿಯ ದರ್ಶನ ಮುಗಿಸಿ, ಅನ್ನಪೂರ್ಣ ಛತ್ರದಲ್ಲಿ ಊಟ ಮಾಡಿ, 1982ರಲ್ಲಿ ಪ್ರತಿಷ್ಠಾಪನೆಗೊಂಡ 39 ಅಡಿ ಎತ್ತರದ ಬಾಹುಬಲಿ ಮೂರ್ತಿಯನ್ನು ನೋಡಲು ರತ್ನಗಿರಿ ಬೆಟ್ಟ ಹತ್ತುವುದು ವಾಡಿಕೆ. ಯಂತ್ರಗಳ ಮೇಲೆ ಮೋಹವುಳ್ಳವರಿಗೆ ಇದೇ ಕ್ಷೇತ್ರದಲ್ಲಿ ನೋಡಲು ಇನ್ನೂ ಒಂದು ಜಾಗವಿದೆ. 1968ರಲ್ಲಿ ಧರ್ಮಾಧಿಕಾರಿಗಳಾದ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಗ್ರಂಥ ಮತ್ತು ವಿಗ್ರಹಗಳ ಜೊತೆಗೆ ಹಳೆಯ ಕ್ಯಾಮೆರಾಗಳೂ ಸ್ಥಾನ ಪಡೆದಿದ್ದು, ಹಳೆಯ ಕಾರುಗಳಿಗಂತೂ ಪ್ರತ್ಯೇಕ ಸಂಗ್ರಹಾಲಯವೇ ಇದೆ.

ಇಂತಹ ವಸ್ತುಗಳ ರೂಪವನ್ನು ಅನುಕರಿಸುವ ಹೊಸ ಸಾಧನಗಳು ಇಂದು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಹಿಂದಿನ ಕಾಲದಲ್ಲೇ ತಯಾರಾಗಿ ಉಳಿದುಬಂದ ವಸ್ತುವನ್ನು ವಿಂಟೇಜ್ ಎಂದೂ, ಹೊಸ ತಂತ್ರಜ್ಞಾನಕ್ಕೆ ಹಳೆಯ ರೂಪ ತೊಡಿಸಿ ಈಗ ತಯಾರಿಸಿದ ವಸ್ತುವನ್ನು ರೆಟ್ರೊ ಎಂದೂ ಕರೆಯುತ್ತಾರೆ. ಎರಡೂ ಮೇಲ್ನೋಟಕ್ಕೆ ಒಂದೇ ರೀತಿ ಕಂಡರೂ, ಮೊದಲನೆಯದರ ಆಕಾರವನ್ನು ಅದರ ಕೆಲಸವೇ ನಿರ್ಧರಿಸಿತ್ತು. ಎರಡನೆಯದರಲ್ಲಿ ಆ ಆಕಾರ ಬಹುಪಾಲು ನೆನಪಿಗಾಗಿ ಉಳಿದುಕೊಂಡಿರುತ್ತದೆ.

ಮಡಿಚುವ ಹಳೆಯ ಕ್ಯಾಮೆರಾವೊಂದನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಮುಂದೆ ಮಸೂರ, ಹಿಂದೆ ಗಾಜಿನ ಫಲಕ, ನಡುವೆ ಹಾರ್ಮೋನಿಯಮ್ಮಿನಲ್ಲಿರುವಂತಹ ತಿದಿ. ಚಿತ್ರ ಸ್ಫುಟವಾಗಿ ಮೂಡಬೇಕಾದರೆ ಮಸೂರಕ್ಕೂ ಫಲಕಕ್ಕೂ ನಡುವಿನ ಅಂತರವನ್ನು ಹೆಚ್ಚುಕಡಿಮೆ ಮಾಡಬೇಕು, ಆದರೆ ಆಗ ಪಕ್ಕದಿಂದ ಬೆಳಕು ನುಸುಳಬಾರದು. ಈ ಎರಡು ಅಗತ್ಯಗಳನ್ನೂ ಒಟ್ಟಿಗೆ ಪೂರೈಸುವುದಕ್ಕಾಗಿಯೇ ತಿದಿ ಬಂದಿತು. ಛಾಯಾಗ್ರಾಹಕರು ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಹೊದ್ದುಕೊಳ್ಳುತ್ತಿದ್ದುದು ಹಿಂಬದಿಯ ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಮೂಡುತ್ತಿದ್ದ ಮಂದ ಬಿಂಬ ಕಣ್ಣಿಗೆ ಕಾಣಲೆಂದು.

ಮುಂದೆ ಫಿಲ್ಮ್ ಕ್ಯಾಮೆರಾಗಳ ನೆತ್ತಿಯ ಮೇಲೆ ಕಾಣಿಸಿಕೊಂಡ ಉಬ್ಬಿಗೂ ಹೀಗೆಯೇ ಕಾರಣವಿತ್ತು. ಕನ್ನಡಿಯಿಂದ ಮೇಲಕ್ಕೆ ಬಂದ ಬಿಂಬವನ್ನು ನೆಟ್ಟಗೆ ಮಾಡಿ ಕಣ್ಣಿಗೆ ಮುಟ್ಟಿಸುವ ಗಾಜಿನ ಪಟ್ಟಕ ಆ ಉಬ್ಬಿನೊಳಗೆ ಇರುತ್ತಿತ್ತು. ನಿಕಾನ್ ಕಂಪನಿ 1982ರ ತನ್ನ ಎಫ್‌ಎಂ2 ಮಾದರಿಯನ್ನು ಹೋಲುವ ಝಡ್‌ಎಫ್ ಎಂಬ ಡಿಜಿಟಲ್ ಕ್ಯಾಮೆರಾವನ್ನು 2023ರಲ್ಲಿ ತಂದಾಗ ಉಬ್ಬನ್ನು ಹಾಗೆಯೇ ಉಳಿಸಿಕೊಂಡಿತು. ಆದರೆ ಅದರೊಳಗೆ ಪಟ್ಟಕದ ಬದಲು ಪುಟ್ಟದೊಂದು ಎಲೆಕ್ಟ್ರಾನಿಕ್ ಪರದೆಯಿದೆ. ಷಟರ್ ವೇಗವನ್ನು ಆರಿಸುವ ಡಯಲ್ ಮಾತ್ರ ಇಲ್ಲಿ ಅಲಂಕಾರವಲ್ಲ, ಬೆರಳಿನಿಂದ ತಿರುಗಿಸಿದರೆ ಅದು ಹಿಂದಿನಂತೆಯೇ ಕೆಲಸ ಮಾಡುತ್ತದೆ. ಇದಕ್ಕೆ ಹೋಲಿಸಿದರೆ, 2017ರಲ್ಲಿ ಸಾರೆಗಾಮ ಕಂಪನಿ ಹೊರತಂದ ಕಾರವಾನ್, ಹಳೆಯ ರೇಡಿಯೊದ ಚಹರೆಯನ್ನು ಹೊದ್ದಿದ್ದರೂ, ಒಳಗೆ 5000 ಹಾಡುಗಳನ್ನು ಮೊದಲೇ ತುಂಬಿಸಿಟ್ಟಿದ್ದ ಡಿಜಿಟಲ್ ಪೆಟ್ಟಿಗೆ. ಹಿಂದಿನ ರೇಡಿಯೊ ದೊಡ್ಡದಾಗಿದ್ದುದು ಬಿಸಿಯಾಗುವ ಗಾಜಿನ ವಾಲ್ವ್‌ಗಳಿಗೆ ಸ್ಥಳ ಬೇಕಾಗಿದ್ದರಿಂದ. ಕಾರವಾನ್‌ಗೆ ಆ ನಿರ್ಬಂಧವಿಲ್ಲ.

ಕರ್ನಾಟಕದ ಮಟ್ಟಿಗೆ ರೆಟ್ರೊ ವಿನ್ಯಾಸದ ಅತ್ಯಂತ ಪರಿಚಿತ ನಿದರ್ಶನವೆಂದರೆ ಜಾವಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಈ ಬೈಕಿನಲ್ಲಿ, ಮತ್ತು ಅದರ ಮುಂದಿನ ರೂಪವಾದ ಯೆಜ್ಡಿಯಲ್ಲಿ, ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತಿತ್ತು. ಅದರ ಎಂಜಿನ್ ಟೂ ಸ್ಟ್ರೋಕ್ ಬಗೆಯದು, ಎಂದರೆ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುವಂಥದ್ದು. ಅದರಲ್ಲಿ ಇಂಧನ ಕ್ರ್ಯಾಂಕಿನ ಪೆಟ್ಟಿಗೆಯ ಮೂಲಕವೇ ಹಾದುಹೋಗುವುದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಬೇಕಾಗಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರ ನವೆಂಬರಿನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮರಳಿ ತಂದಾಗ ದುಂಡನೆಯ ಟ್ಯಾಂಕ್, ಎರಡು ಸೈಲೆನ್ಸರ್, ಕೆಂಬಣ್ಣ ಎಲ್ಲವೂ ಬಂದವು, ಆದರೆ ಎಂಜಿನ್ 293 ಸಿಸಿಯ ಫೋರ್ ಸ್ಟ್ರೋಕ್ ಆಗಿತ್ತು. ಎರಡು ಕೆಲಸದ ಆ ಲಿವರ್ ಮರಳಲಿಲ್ಲ. ಹೊಗೆಯ ನಿಯಮಗಳನ್ನು ಪಾಲಿಸಬೇಕಾದ ಇಂದಿನ ವಾಹನಕ್ಕೆ ಈ ಬದಲಾವಣೆ ಅನಿವಾರ್ಯವೇ ಆದರೂ, ಹಳೆಯ ಜಾವಾ ಓಡಿಸಿದವರು ಬಯಸುವ ಸದ್ದು ಆ ಟೂ ಸ್ಟ್ರೋಕ್ ಎಂಜಿನ್ನಿನ ಜೊತೆಗೇ ಹೋಗಿದೆ.

ಕೈಗಡಿಯಾರದ ವಿಷಯದಲ್ಲಿ ಕಥೆ ಬೇರೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ಜನತಾ ಮಾದರಿ ದಿನಕ್ಕೊಮ್ಮೆ ಕೀ ಕೊಡಬೇಕಾದ ವಾಚು. ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗ್ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಚಕ್ರಗಳನ್ನು ನಡೆಸುತ್ತದೆ. ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಆ ನಡಿಗೆಯನ್ನು ಸೆಕೆಂಡಿಗೆ 5 ಬಡಿತದ ಲಯಕ್ಕೆ ಕಟ್ಟಿಹಾಕುತ್ತದೆ. ಬ್ಯಾಟರಿಯ ಬಲದಿಂದ ಸ್ಫಟಿಕವನ್ನು ಕಂಪಿಸಿ ಸಮಯ ಎಣಿಸುವ ಕ್ವಾರ್ಟ್ಜ್ ವಾಚುಗಳು ಅಗ್ಗವೂ ನಿಖರವೂ ಆಗಿದ್ದರಿಂದ ಎಚ್‌ಎಂಟಿಯ ಬೇಡಿಕೆ ಕುಸಿದು, 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಈಗ ಸಂಗ್ರಾಹಕರು ಹುಡುಕಿ ಕೊಳ್ಳುವ ಹಳೆಯ ಜನತಾ ವಾಚಿನಲ್ಲಿ ರೂಪದ ಜೊತೆ ಯಂತ್ರವೂ ಉಳಿದಿದೆ. ಆದರೆ ಹಳೆಯ ಡಬ್ಬಿಗೆ ಹೊಸದಾಗಿ ಬಣ್ಣ ಹಚ್ಚಿದ ಡಯಲ್ ಕೂರಿಸಿ ಮಾರುವವರೂ ಇರುವುದರಿಂದ ಕೊಳ್ಳುವವರು ಡಯಲ್, ಮುಳ್ಳು, ಒಳಯಂತ್ರಗಳು ಒಂದೇ ಕಾಲದವೇ ಎಂದು ಪರೀಕ್ಷಿಸುವುದು ಒಳ್ಳೆಯದು.

ರೂಪ ಹೋಗಿ ಒಳಗಿನ ಕ್ರಮ ಮಾತ್ರ ಉಳಿದ ಉದಾಹರಣೆ ಟೈಪ್‌ರೈಟರ್. 1874ರಲ್ಲಿ ರೆಮಿಂಗ್ಟನ್ ಮಾರಾಟಕ್ಕೆ ತಂದ ಯಂತ್ರದ ಕೀಲಿಗಳ ಸಾಲುಗಳು ಒಂದಕ್ಕೊಂದು ಓರೆಯಾಗಿದ್ದುದು ಪ್ರತಿ ಕೀಲಿಯ ಕೆಳಗಿನ ಲೋಹದ ಸರಳಿಗೆ ದಾರಿ ಬಿಡಲೆಂದು. ಸರಳೇ ಇಲ್ಲದ ಮೊಬೈಲ್ ಪರದೆಯ ಮೇಲೂ ಅದೇ ಓರೆ, ಅದೇ ಇಂಗ್ಲಿಷ್ ಅಕ್ಷರಕ್ರಮ ಮುಂದುವರಿದಿದೆ. ಕನ್ನಡಕ್ಕೆ ಬಂದರೆ, ಕಾಗುಣಿತ ಮತ್ತು ಒತ್ತಕ್ಷರಗಳನ್ನು ಕೆಲವೇ ಕೀಲಿಗಳಲ್ಲಿ ಅಡಗಿಸಬೇಕಾಗಿದ್ದ ಟೈಪ್‌ರೈಟರಿನ ಕಷ್ಟ ಕಂಪ್ಯೂಟರಿನಲ್ಲಿ ಬೇರೆ ರೀತಿಯಲ್ಲಿ ಪರಿಹಾರವಾಯಿತು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿಯಿತು. ಅಲ್ಪಪ್ರಾಣದ ಕೀಲಿಯನ್ನೇ ಷಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ ಬರುವ ಈ ಕ್ರಮವನ್ನೇ ಕರ್ನಾಟಕ ಸರ್ಕಾರ ಅಂಗೀಕರಿಸಿತು, ನುಡಿ ತಂತ್ರಾಂಶವೂ ಅಳವಡಿಸಿಕೊಂಡಿತು. ಇಂಗ್ಲಿಷ್ ಟೈಪ್‌ರೈಟರಿಗಾಗಿ ಹುಟ್ಟಿದ ಕೀಲಿಗಳ ಮೇಲೆಯೇ ಕನ್ನಡದ ವರ್ಣಮಾಲೆ ಕುಳಿತಿರುವ ಈ ಏರ್ಪಾಡನ್ನು ಯಾರೂ ರೆಟ್ರೊ ಎಂದು ಕರೆದು ಮಾರುವುದಿಲ್ಲ. ಆದರೂ ಹಳೆಯ ಯಂತ್ರವೊಂದರಿಂದ ಉಳಿಸಿಕೊಳ್ಳಬೇಕಾದದ್ದು ಯಾವುದು, ಬಿಡಬಹುದಾದದ್ದು ಯಾವುದು ಎಂಬುದನ್ನು ಯಾವ ಅಲಂಕಾರದ ವಸ್ತುವಿಗಿಂತಲೂ ಚೆನ್ನಾಗಿ ಅದು ತೋರಿಸಿಕೊಡುತ್ತದೆ.