ಗದ್ದೆಯ ನಕ್ಷೆಯೂ ಅನಿಲದ ಕೊಳವೆಯೂ

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಎಣ್ಣೆಬಾವಿಗಳಿಲ್ಲ. ಹೀಗಿರುವಾಗ ಪೆಟ್ರೋಲಿಯಂಗೂ ಇಲ್ಲಿಯ ಜಮೀನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಇಂಧನವನ್ನು ದೂರದೂರಿಗೆ ಸಾಗಿಸುವ ಕೊಳವೆಗಳು ರೈತರ ಹೊಲಗಳ ಅಡಿಯಲ್ಲೇ ಹಾಯುತ್ತವೆ. 2013ರಲ್ಲಿ ದಾಭೋಳ್‌ನಿಂದ ಬೆಂಗಳೂರಿಗೆ ಬಂದ ಅನಿಲ ಕೊಳವೆಮಾರ್ಗ ಇದಕ್ಕೊಂದು ಉದಾಹರಣೆ. ಇಂಥದ್ದೊಂದು ನಿಮ್ಮೂರಿನತ್ತ ಬಂದರೆ, ಯಾವ ಗದ್ದೆ ಯಾರದು ಎಂದು ತಿಳಿಯುವುದು ಹೇಗೆ?

ಉಪಗ್ರಹ ಚಿತ್ರ ನಾಲೆ, ತೆಂಗಿನ ತೋಟ, ಮನೆಗಳನ್ನು ತೋರಿಸುತ್ತದೆ, ಸರ್ವೆ ನಂಬರನ್ನಲ್ಲ. ಅದು ಗ್ರಾಮನಕ್ಷೆಯಲ್ಲಿದೆ. ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ, ಪಹಣಿಯ ಹೆಸರುಗಳನ್ನು ಜೋಡಿಸುತ್ತಾರೆ. ಕಷ್ಟವಿರುವುದು ಕೂರಿಸುವುದರಲ್ಲೇ. ಹಳೆಯ ನಕ್ಷೆಯಲ್ಲಿ 8 ಅಂಗುಲವೆಂದರೆ ಒಂದು ಮೈಲಿ. ಕಾಗದದಲ್ಲಿ ಒಂದು ಮಿಲಿಮೀಟರ್ ಜಾರಿದರೆ ನೆಲದಲ್ಲಿ ಸುಮಾರು 8 ಮೀಟರ್ ತಪ್ಪುತ್ತದೆ. 33 ಅಡಿ ಚೌಕದ ಒಂದು ಗುಂಟೆಯ ಬದಿಯೇ 10 ಮೀಟರ್! ಆದ್ದರಿಂದ ಗಡಿಕಲ್ಲುಗಳ ಬಳಿ ಅಳೆದು ನಕ್ಷೆಯನ್ನು ಸರಿಪಡಿಸಬೇಕು.

1962ರ ಕೊಳವೆಮಾರ್ಗ ಕಾಯಿದೆಯಂತೆ ಜಮೀನು ರೈತರದೇ. ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತಾರೆ. ಆ ಪಟ್ಟಿಯಲ್ಲಿ ಬೇಸಾಯ ಮಾಡಬಹುದು. ಮನೆ, ಬಾವಿ, ಮರ ಕೂಡದು. ಹಾನಿಯ ಪರಿಹಾರವಲ್ಲದೆ ಆ ನೆಲದ ಮಾರುಕಟ್ಟೆ ಬೆಲೆಯ ಶೇ. 10 ಸಲ್ಲುತ್ತದೆ. ಆಕ್ಷೇಪಣೆಗೆ ಅಧಿಸೂಚನೆಯ ಪ್ರತಿ ಜನರಿಗೆ ದೊರೆತ ದಿನದಿಂದ 21 ದಿನಗಳಷ್ಟೇ ಅವಕಾಶ.

ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿದ್ದರೆ, ಪೋಡಿ ಆಗಿರದಿದ್ದರೆ, ನಕ್ಷೆ ಎಷ್ಟೇ ನಿಖರವಾಗಿದ್ದರೂ ಪರಿಹಾರ ಪಡೆಯುವುದು ಕಷ್ಟ. ನಿಮ್ಮ ಗದ್ದೆಯಲ್ಲಿ ನಿಂತು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ. ಪಹಣಿಯೊಡನೆ ತಾಳೆ ಹಾಕಿ, ಮನೆಯ ಹಿರಿಯರಿಗೆ ತಿಳಿಸಿ.