ದಂಡದ ನೋಟೀಸು ಬಂತೇ? ಓದಿ ನೋಡೋಣ

ನಮ್ಮ ಬೀದಿಯ ಅಕ್ಕನಿಗೆ ಅಂಚೆಯಲ್ಲಿ ನೋಟೀಸು ಬಂತು. “ನಿಮ್ಮ ಸ್ಕೂಟರ್ ಅತಿ ವೇಗವಾಗಿ ಓಡಿದೆ, ದಂಡ ಕಟ್ಟಿ” ಅಂತ ಅದರಲ್ಲಿತ್ತು. ಅಕ್ಕ ಹೆದರಿದರು. ಆ ದಿನ ಅವರ ಸ್ಕೂಟರ್ ಮನೆ ಮುಂದೆಯೇ ನಿಂತಿತ್ತು!

ಕಲಿಕೆ ಕೇಂದ್ರದಲ್ಲಿ ನಾವೆಲ್ಲ ಸೇರಿ ಓದಿದೆವು. ಫೋಟೋದಲ್ಲಿ ಇದ್ದದ್ದು ಬೇರೆ ಗಾಡಿ. ಅದರ ನಂಬರಿನ ಕೊನೆಗೆ 8. ಅಕ್ಕನ ಗಾಡಿಗೆ 3.

ರಸ್ತೆಯ ಕ್ಯಾಮೆರಾ ಫೋಟೋ ತೆಗೆಯುತ್ತದೆ. ಗಾಡಿ ಯಾರ ಹೆಸರಲ್ಲಿದೆಯೋ ಅವರಿಗೆ ನೋಟೀಸು ಬರುತ್ತದೆ. ಯಂತ್ರವೂ ತಪ್ಪಬಹುದು. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ನೋಟೀಸಿನಲ್ಲಿ ನಂಬರು ಕಾಣುವ ಫೋಟೋ, ವೇಗ, ದಿನ, ಹೊತ್ತು, ಜಾಗ ಇರಬೇಕು.

ತಪ್ಪು ಕಂಡರೆ ಏನು ಮಾಡೋಣ? ನೋಟೀಸನ್ನು ಹರಿದು ಎಸೆಯಬಾರದು. ಆರ್.ಸಿ. ನಕಲು, ನಮ್ಮ ಗಾಡಿಯ ಫೋಟೋ ಸೇರಿಸಿ ಸಂಚಾರ ಪೊಲೀಸರಿಗೆ ಅರ್ಜಿ ಕೊಡೋಣ. ಅರ್ಜಿ ತಲುಪಿದ್ದಕ್ಕೆ ಸಹಿ, ಮೊಹರು ಕೇಳಿ ಪಡೆಯೋಣ. ಅವರು ಒಪ್ಪದಿದ್ದರೆ ಕೋರ್ಟಿನಲ್ಲಿ ಹೇಳಬಹುದು. ಹೆಂಗಸರಿಗೆ ಅಲ್ಲಿ ಉಚಿತ ಕಾನೂನು ನೆರವು ಉಂಟು.

ಅಕ್ಕ ತಾವೇ ಅರ್ಜಿ ಬರೆದರು. ದಂಡ ರದ್ದಾಯಿತು.

ತಪ್ಪು ಮಾಡಿದ್ದರೆ ದಂಡ ಕಟ್ಟೋಣ. ಮಾಡದ ತಪ್ಪಿಗೆ ಯಾಕೆ ಕಟ್ಟಬೇಕು? ನಾವು ಓದು ಕಲಿತದ್ದು ಇದಕ್ಕೇ ಅಲ್ಲವೇ?